ಗಾಜಿನ ತೊಟ್ಟಿ, ಒಬ್ಬ ತಂದೆ, ಒಬ್ಬ ಮಗ



ವಾರವಾರವೂ ಧ್ವನಿಯಾಗಿ ನಿಮ್ಮ ಮನೆಗೆ ಬರುವವಳು ಈ ಸಲ ಅಕ್ಷರವಾಗಿ ಬಂದಿದ್ದೇನೆ. ಸುದ್ದಿ ಸ್ವಲ್ಪ ಬೇಸರದ್ದು. ಕಳೆದ ಮಳೆಗಾಲದಲ್ಲಿ ನಮ್ಮ ಮುಂಬಯಿ ಮನೆಗೆ ಹತ್ತು ಮೀನುಗಳು ಬಂದವು. ಎರಡು ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಎರಡನೇ ಕ್ಲಾಸಿನ ಮಗಳು ಖಾಲಿ ತೊಟ್ಟಿಯ ಮುಂದೆ ಕೂತು ಕೇಳಿದಳು: "ಅಮ್ಮಾ, ನೀರು ಅಷ್ಟೊಂದು ಕ್ಲೀನಾಗಿತ್ತಲ್ಲ, ಮತ್ಯಾಕೆ ಸತ್ತುಹೋದ್ವು?"

ಬಿ.ಎ.ಯಲ್ಲಿ ಕನ್ನಡ ಓದಿದವಳಿಗೆ ರಸಾಯನಶಾಸ್ತ್ರ ಎಲ್ಲಿಂದ ಬರಬೇಕು ಹೇಳಿ! ಉತ್ತರ ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಒಬ್ಬ ತಂದೆ ಮತ್ತು ಒಬ್ಬ ಮಗನ ಕಥೆ.

ತಂದೆ ರಾಬರ್ಟ್ ವಾರಿಂಗ್‌ಟನ್, ಲಂಡನ್ನಿನ ರಸಾಯನಶಾಸ್ತ್ರಜ್ಞ. 1849ರಲ್ಲಿ ಆತ ಸುಮಾರು 55 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಮರಳು, ಮಣ್ಣು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು, ಎರಡು ಗೋಲ್ಡ್ ಫಿಶ್ ಬಿಟ್ಟ. ಮೀನು ಬಿಡುವ ಉಸಿರನ್ನು ಗಿಡ ಬಳಸಿಕೊಂಡು, ಗಿಡ ಕೊಡುವ ಆಮ್ಲಜನಕದಲ್ಲಿ ಮೀನು ಬದುಕೀತೇ ಎಂಬುದು ಆತನ ಪ್ರಶ್ನೆ. ಮೊದಲು ಎಲ್ಲವೂ ಸರಿಯಿತ್ತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿಗೆ ಹಸಿರು ಪಾಚಿ ಹಿಡಿಯಿತು. ನಾವಾಗಿದ್ದರೆ ಎಲ್ಲವನ್ನೂ ಚೆಲ್ಲಿ, ತಿಕ್ಕಿ ತೊಳೆಯುತ್ತಿದ್ದೆವು. ಆತ ಹಾಗೆ ಮಾಡಲಿಲ್ಲ. ಐದಾರು ಬಸವನಹುಳುಗಳನ್ನು ತಂದು ಬಿಟ್ಟ! ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಆತ ಇದನ್ನು ವರದಿ ಮಾಡಿದ.

ಗಾಜಿನ ತೊಟ್ಟಿಯಲ್ಲಿ ಜಲಚರ ಸಾಕಿದವರಲ್ಲಿ ಈತನೇ ಮೊದಲಿಗನಲ್ಲ. 1832ರಲ್ಲೇ ಸಿಸಿಲಿಯಲ್ಲಿ ಜೀನ್ ವಿಲ್‌ಪ್ರೋ ಪವರ್ ಎಂಬ ಮಹಿಳೆ ಸಮುದ್ರಜೀವಿಗಳ ಅಧ್ಯಯನಕ್ಕಾಗಿ ಗಾಜಿನ ತೊಟ್ಟಿ ಮಾಡಿಸಿದ್ದಳು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. ನಮ್ಮ ಮುಂಬಯಿಗೆ ಮರೀನ್ ಡ್ರೈವಿನ ತಾರಾಪೋರೆವಾಲಾ ಮತ್ಸ್ಯಾಲಯ ಬಂದದ್ದು 1951ರಲ್ಲಿ.

ಈಗ ಮಗನ ವಿಷಯ. ಅವನ ಹೆಸರೂ ರಾಬರ್ಟ್ ವಾರಿಂಗ್‌ಟನ್ನೇ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವನು ಹೊಲದ ಮಣ್ಣನ್ನು ಪರೀಕ್ಷಿಸುತ್ತಿದ್ದ. ಗೊಬ್ಬರದ ಅಮೋನಿಯಾ ಮೊದಲು ನೈಟ್ರೈಟ್ ಆಗುತ್ತದೆ, ಆಮೇಲೆ ನೈಟ್ರೇಟ್ ಆಗುತ್ತದೆ, ಈ ಎರಡು ಹೆಜ್ಜೆಗಳನ್ನು ಬೇರೆಬೇರೆ ಸೂಕ್ಷ್ಮಜೀವಿಗಳು ನಡೆಸುತ್ತವೆ ಎಂದು ಕಂಡುಕೊಂಡ. ಆದರೆ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಲು ಅವನಿಂದಾಗಲಿಲ್ಲ. 1890ರಲ್ಲಿ ಅದನ್ನು ಸಾಧಿಸಿದವನು ರಷ್ಯಾದ ಸೆರ್ಗೇಯ್ ವಿನೊಗ್ರಾಡ್‌ಸ್ಕಿ. ಎರಡೂ ಹೆಜ್ಜೆಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂದು ತಿಳಿದದ್ದು 2015ರಲ್ಲಿ. ಅಂಥ ಜೀವಿ ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ಫಿಲ್ಟರ್!

ಮಗಳ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿದ್ದೀರಲ್ಲವೇ? ಅಲ್ಲಿ ಕಸವನ್ನು ಹೊಳೆ ಒಯ್ಯುತ್ತದೆ. ತೊಟ್ಟಿಯಲ್ಲಿ ಮೀನಿನ ಹೊಲಸು ಅಮೋನಿಯಾ ಆಗಿ ಅಲ್ಲೇ ನಿಲ್ಲುತ್ತದೆ. ಅದೂ ವಿಷ, ನೈಟ್ರೈಟೂ ವಿಷ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಅವನ್ನು ಕರಗಿಸುವ ಜೀವಿಗಳು ಮರಳಿನಲ್ಲಿ, ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ನಾನೋ, ಬೆಳಿಗ್ಗೆ ನೀರು ತುಂಬಿ ಸಂಜೆಗೇ ಮೀನು ಬಿಟ್ಟವಳು. ಭಾನುವಾರ ಬಂತೆಂದರೆ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿನೀರಲ್ಲಿ ಹಿಂಡಿ ಹಿಂಡಿ ತೊಳೆದವಳು. ನೀರನ್ನು ಸ್ವಚ್ಛ ಮಾಡಬೇಕಾದವರನ್ನೇ ಚರಂಡಿಗೆ ಕಳಿಸಿದ್ದೆ.

"ತಪ್ಪು ನಂದೇ ಪುಟ್ಟಿ," ಅಂದೆ. ಅವಳು ಏನೂ ಮಾತಾಡಲಿಲ್ಲ.

ದಸರೆಯ ಹೊತ್ತಿಗೆ ಮತ್ತೆ ಶುರು ಮಾಡಿದೆವು. ಕೆಳಗೆ ಮಣ್ಣು, ಮೇಲೆ ಮರಳು, ತುಂಬ ಗಿಡಗಳು. ಗಿಡಗಳೂ ಅಮೋನಿಯಾ ಹೀರುತ್ತವೆ. ನಲ್ಲಿನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದೆವು. ಆರು ವಾರ ಮೀನಿಲ್ಲ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಮಾತ್ರ, ಅದು ಕೊಳೆತು ಆ ಜೀವಿಗಳಿಗೆ ಊಟವಾಗಲೆಂದು. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಮೂರೇ ಮೂರು ಗಪ್ಪಿಗಳನ್ನು ತಂದೆವು. ಈಗ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೆಗೆಯುತ್ತೇನೆ, ಅಷ್ಟೇ.

ಗಿಡಗಳ ಜೊತೆ ಕರೆಯದೇ ಬಂದ ಪುಟ್ಟ ಬಸವನಹುಳು ಒಂದಿದೆ. ಎಸೆಯಲು ಹೊರಟ ನನ್ನ ಕೈ ಹಿಡಿದು ಮಗಳು ಅಂದಳು, "ಬೇಡಮ್ಮಾ, ಅದು ಕೆಲಸಕ್ಕೆ ಬಂದಿದೆ."

ನಿಮ್ಮ ಮನೆಯಲ್ಲೂ ಖಾಲಿ ತೊಟ್ಟಿ ಅಟ್ಟ ಸೇರಿದ್ದರೆ ಕೆಳಗಿಳಿಸಿ. ಅವಸರ ಮಾಡಬೇಡಿ, ಅಷ್ಟೇ. ಮತ್ತೆ ಬಾನುಲಿಯಲ್ಲಿ ಸಿಗೋಣ.