ನೋಡುವ ಸಕ್ಕರೆ, ತಿನ್ನುವ ಸಕ್ಕರೆ

ಹುಟ್ಟುಹಬ್ಬದ ಕೇಕಿನ ನೆತ್ತಿಯ ಮೇಲೆ ಅರಳಿ ಕುಳಿತ ಸಕ್ಕರೆಯ ಗುಲಾಬಿಯು ಭಕ್ಷ್ಯವೋ ಕೇವಲ ಪ್ರೇಕ್ಷ್ಯವೋ ಎಂಬ ಶಂಕೆಯು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಿಗೆ ಬೇಕರಿಯ ಗಾಜಿನ ಪೆಟ್ಟಿಗೆಯ ಮೂಲಕ ಈಚೆಗೆ ಬಂದುದೆಂದು ತೋರಬಹುದು. ಆದರೆ ಕಣ್ಣಿಗಾಗಿ ಮಾಡಿದ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಈ ಸೀಮೆಯ ಮಕ್ಕಳು ಬೇಕರಿಗಳು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ, ವರ್ಷಕ್ಕೆರಡು ಬಾರಿ, ಹಿರಿಯರ ಸೆರಗು ಹಿಡಿದು ಕೇಳುತ್ತಲೇ ಬಂದಿದ್ದಾರೆ. ಕಾರ್ತಿಕದ ಗೌರಿ ಹುಣ್ಣಿಮೆಯಲ್ಲೊಮ್ಮೆ, ಪುಷ್ಯದ ಸಂಕ್ರಾಂತಿಯಲ್ಲೊಮ್ಮೆ. ಅವರಿಗೆ ದೊರೆಯುತ್ತಿದ್ದ ಉತ್ತರವೂ ಒಂದೇ: "ಆರ್ತಿ ಆಗ್ಲಿ ತಡೀ ಮಗಾ, ಆಮೇಲೆ ತಿನ್ನುವಂತಿ."

ಈ ನಾಲ್ಕು ಊರುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿದವು. ಆ ಜಿಲ್ಲೆಯಾದರೋ 1997ರ ಆಗಸ್ಟ್ 15ರಂದು ರಚಿತವಾದುದು. ಅದಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದು, ಮುಂದೆ ತಾಲ್ಲೂಕೆನಿಸಿಕೊಂಡ ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನೊಳಗಿನ ಊರಾಗಿತ್ತು. ಇನ್ನೂ ಹಿಂದಕ್ಕೆ ಸರಿದರೆ ಇವೆಲ್ಲ ಮೈಸೂರು ಸಂಸ್ಥಾನದ ಅಂಚಿನ ಊರುಗಳು: ಹೊನ್ನಾಳಿಯ ಆಚೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಜಗಳೂರಿನ ಬಡಗಲಿಗೆ, 1953ರಲ್ಲಿ ಮೈಸೂರಿಗೆ ಸೇರುವ ತನಕ, ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಗಡಿಯ ಕಲ್ಲುಗಳು ಸುಂಕವನ್ನು ತಡೆದಾವು, ಹೆಣ್ಣು ಕೊಟ್ಟು ತರುವ ನಂಟನ್ನು ತಡೆಯಲಾರವು. ಆ ನಂಟಿನ ಹಿಂದೆಯೇ ಹಬ್ಬಗಳೂ ನಡೆದು ಬಂದವು. ತೆಂಕಣ ಮೈಸೂರಿನ ಕಡೆಯ ಸಂಕ್ರಾಂತಿಯ ಸಕ್ಕರೆ ಅಚ್ಚು ಮತ್ತು ಬಡಗಣ ಧಾರವಾಡ ಬಳ್ಳಾರಿಗಳ ಕಡೆಯ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ, ಇವೆರಡೂ ಸಂಧಿಸಿದ ನೆಲವಿದು.

ಸಕ್ಕರೆ ಆರತಿಯೆಂದರೆ ಅರಿಯದವರಿಗಾಗಿ ಒಂದು ಮಾತು. ದೀಪಾವಳಿ ಕಳೆದು ಬರುವ ಹುಣ್ಣಿಮೆಗೆ ಗೌರಮ್ಮನನ್ನು ಕೂರಿಸಿ, ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ದಂಡೆ ಮುಡಿದು, ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ನಡುವೆ ದೀಪವನ್ನಿರಿಸಿ, ಹಾಡು ಹೇಳುತ್ತ ಹೋಗಿ ಬೆಳಗುವರು. ಆನೆ, ಒಂಟೆ, ನವಿಲು, ಗಿಳಿ, ಬಸವ, ತೇರು, ಕಳಸ, ಗೋಪುರ ಮುಂತಾದ ಆ ಗೊಂಬೆಗಳು ಬಿಳುಪು, ಗುಲಾಬಿ, ಹಳದಿ ಬಣ್ಣಗಳಲ್ಲಿ ಅಂಗಡಿಯ ಮುಂದೆ ರಾಶಿಬಿದ್ದು ತೂಕದ ಲೆಕ್ಕದಲ್ಲಿ ವಿಕ್ರಯವಾಗುತ್ತವೆ. ಆನೆಯನ್ನು ಕಿಲೋಗಟ್ಟಲೆ ಕೊಳ್ಳುವ ಸಂದರ್ಭ ಮನುಷ್ಯನಿಗೆ ಬೇರೆಲ್ಲಿಯೂ ಒದಗುವುದಿಲ್ಲವೆಂದು ಕಾಣುತ್ತದೆ. ಸಂತೆಬೆನ್ನೂರಿನ ಪುಷ್ಕರಿಣಿಯ ನಡುವೆ ನೀರಿನಿಂದೆದ್ದು ನಿಂತಿರುವ ವಸಂತಮಂಟಪವನ್ನು ನೋಡಿ ಬೆಳೆದ ಚನ್ನಗಿರಿ ತಾಲ್ಲೂಕಿನ ಮಕ್ಕಳಿಗೆ ತಟ್ಟೆಯ ನಡುವಣ ಸಕ್ಕರೆಯ ಗೋಪುರವು ಅಪರಿಚಿತವಸ್ತುವಲ್ಲ. ನಿಶ್ಚಿತಾರ್ಥವಾಗಿ ಮದುವೆ ಇನ್ನೂ ಆಗದಿರುವ ಕನ್ಯೆಯಿದ್ದ ಮನೆಯಲ್ಲಂತೂ ಹಬ್ಬದ ಕಳೆಯೇ ಬೇರೆ: ಗಂಡಿನ ಮನೆಯವರು ಸೀರೆ, ಬಳೆ, ಹೂವಿನ ದಂಡೆಗಳೊಡನೆ ಸಕ್ಕರೆ ಆರತಿಯನ್ನೂ ತರುವರು, ಬೀಗರು ತಂದ ಗೊಂಬೆಯ ಗಾತ್ರವನ್ನೂ ನುಣುಪನ್ನೂ ಕೇರಿಯ ಹೆಂಗಸರು ಕಣ್ಣಳತೆಯಿಂದಲೇ ತೂಗಿ, ಮುಂದಿನ ಸಂಬಂಧವು ಎಂತಹುದೆಂದು ತಮ್ಮೊಳಗೆ ನಿರ್ಣಯಿಸಿಕೊಳ್ಳುವರು.

ಹೀಗೆ ಬೆಳಗಿದ ಮೇಲೆ ಆ ಗೊಂಬೆಗಳ ಗತಿಯೇನು? ಒಡೆದು ಹಂಚುವುದು. ಆನೆಯ ಸೊಂಡಿಲು ಒಬ್ಬನಿಗೆ, ಒಂಟೆಯ ಡುಬ್ಬ ಮತ್ತೊಬ್ಬಳಿಗೆ; ನೆರೆಮನೆಗೆ ಒಂದು ನವಿಲು, ಆಚೆಮನೆಗೆ ಅರ್ಧ ತೇರು. ದೇವಿಯ ಮುಂದೆ ನಿಂತದ್ದು ಪ್ರಸಾದವಾಯಿತು, ಪ್ರಸಾದವನ್ನು ಎಸೆಯತಕ್ಕದ್ದಲ್ಲ. ಮಿಕ್ಕ ತುಂಡುಗಳು ಡಬ್ಬಿಯನ್ನು ಸೇರಿ, ಇರುವೆಯ ಕಣ್ಣು ತಪ್ಪಿಸಿಕೊಂಡಷ್ಟು ದಿನ ಇದ್ದು, ಹಾಲಿಗೋ ಪಾಯಸಕ್ಕೋ ಚಹಕ್ಕೋ ಬಿದ್ದು ಕರಗುವುವು. ಅಲಂಕಾರವೂ ಆಹಾರವೂ ಇಲ್ಲಿ ಎರಡು ಪದಾರ್ಥಗಳಲ್ಲ, ಒಂದೇ ಪದಾರ್ಥದ ಎರಡು ಹೊತ್ತುಗಳು. ಮೊದಲ ಹೊತ್ತು ಮುಗಿಯದೆ ಎರಡನೆಯದಕ್ಕೆ ಕೈಯಿಕ್ಕುವುದು ಮಾತ್ರ ನಿಷಿದ್ಧ.

ಸಂಕ್ರಾಂತಿಯ ಅಚ್ಚು ಗಾತ್ರದಲ್ಲಿ ಕಿರಿದಾದರೂ ಮನೆಯ ಒಲೆಯ ಮೇಲೆಯೇ ತಯಾರಾಗುವುದರಿಂದ ಅದರ ಕೆಲಸವನ್ನು ಹತ್ತಿರದಿಂದ ನೋಡಬಹುದು. ಮರದಲ್ಲಿ ಕೆತ್ತಿದ ಎರಡು ಹೋಳಿನ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಹಾಕುವರು, ಒಣಮರಕ್ಕೆ ಪಾಕ ಕಚ್ಚಿಕೊಂಡರೆ ಗೊಂಬೆ ಇಡಿಯಾಗಿ ಬಿಡದು. ಸಕ್ಕರೆಗೆ ನೀರು ಹಾಕಿ ಕುದಿಗೆ ತಂದು ಒಂದಿಷ್ಟು ಹಾಲನ್ನು ಬಿಟ್ಟರೆ, ಆ ಹಾಲು ಒಡೆದು ಸಕ್ಕರೆಯ ಕೊಳೆಯನ್ನೆಲ್ಲ ತನ್ನೊಡನೆ ಕೂಡಿಸಿಕೊಂಡು ಮೇಲಕ್ಕೆ ತೇಲುವುದು. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿದ ತಿಳಿಪಾಕವನ್ನು ಚಿಕ್ಕ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮತ್ತೆ ಕಾಯಿಸಿ, ಕೆಲವೇ ತೊಟ್ಟು ನಿಂಬೆರಸವನ್ನು ಹಿಂಡಿ, ಕೈಬಿಡದೆ ತಿರುವುತ್ತಿದ್ದರೆ, ಗಾಜಿನಂತೆ ತಿಳಿಯಾಗಿದ್ದುದು ಕಣ್ಣೆದುರಿಗೇ ಮಬ್ಬಾಗಿ ಬೆಳ್ಳಗಾಗುವುದು. ಆ ಕ್ಷಣವೇ ಅಚ್ಚಿಗೆ ಸುರಿಯಬೇಕು. ತುಸು ಮುಂಚೆಯಾದರೆ ಗೊಂಬೆಯು ನಿಲ್ಲದು, ತುಸು ತಡವಾದರೆ ಪಾಕವು ಪಾತ್ರೆಯಲ್ಲಿಯೇ ಗಟ್ಟಿಕಟ್ಟಿ ಕುಳಿತು ಹೊಯ್ಯುವವಳ ತಾಳ್ಮೆಯನ್ನು ಪರೀಕ್ಷಿಸುವುದು. ನಿಂಬೆಯು ಹೆಚ್ಚಾದರೂ ಕೆಲಸ ಕೆಟ್ಟಿತು. ಹುಳಿಯು ಸಕ್ಕರೆಯನ್ನು ಹರಳುಗಟ್ಟಗೊಡದೆ ಅಂಟುಮಾಡುವುದು. ತಂತಮ್ಮ ಅತ್ತೆಯರಿಂದ ಈ ಹದವನ್ನು ಕಲಿತ ಗೃಹಿಣಿಯರಿಗೆ ರಸಾಯನಶಾಸ್ತ್ರದ ಪರಿಚಯವಿರಲಿಲ್ಲ, ಅದರ ಫಲವೆಲ್ಲ ಕೈಯಲ್ಲಿತ್ತು.

ಆ ಅಚ್ಚು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಗಳ ಜೊತೆಗೆ ಮನೆಮನೆಗೆ ಬೀರಿಹೋಗುತ್ತದೆ. ತುಂಗಭದ್ರೆಯಾಚೆಗೆ ಇದೇ ಹಬ್ಬಕ್ಕೆ ಕುಸುರೆಳ್ಳು ಎಂಬ ಇನ್ನೊಂದು ಸೋಜಿಗವುಂಟು: ಮಂದವಾದ ಉರಿಯ ಮೇಲೆ ಎಳ್ಳನ್ನು ಆಡಿಸುತ್ತ ಪಾಕವನ್ನು ತೊಟ್ಟುತೊಟ್ಟಾಗಿ ಬಿಡುತ್ತಿದ್ದರೆ ಒಂದೊಂದು ಕಾಳಿನ ಸುತ್ತಲೂ ಸಕ್ಕರೆಯ ಮುಳ್ಳು ಮೊಳೆತು ಮೊಗ್ಗಿನಂತಾಗುವುದು. ಇದನ್ನು ದಾರದಲ್ಲಿ ಪೋಣಿಸಿ ಮಕ್ಕಳಿಗೂ ಹೊಸ ಮದುವಣಗಿತ್ತಿಯರಿಗೂ ಒಡವೆಯಾಗಿ ತೊಡಿಸುವರು. ಧಾರವಾಡ, ಬೆಳಗಾವಿಗಳ ಕಡೆ ಹೋಳಿಯ ಕಾಲಕ್ಕೆ ಕೊರಳಿಗೆ ಬೀಳುವ ಸಕ್ಕರೆ ಸರವೂ ಇದೇ ಕುಲದ್ದು. ಹಾಕಿಕೊಂಡ ಹಾರವನ್ನು ಸಂಜೆಯೊಳಗೆ ಕಡಿದು ಮುಗಿಸುವ ಸೌಭಾಗ್ಯ ಬಂಗಾರದ ಒಡೆಯರಿಗಿಲ್ಲ.

ಇಷ್ಟೊಂದು ಸಕ್ಕರೆಯನ್ನು ಆಟಕ್ಕೂ ನೋಟಕ್ಕೂ ವ್ಯಯಮಾಡುವ ಶಕ್ತಿಯು ಬಡವರ ಮನೆಗೆ ಬಂದುದು ಹೆಚ್ಚು ಕಾಲದ ಹಿಂದಲ್ಲ. ಬೆಲ್ಲವು ನಮ್ಮ ನಿತ್ಯದ ಸಿಹಿ, ಬಿಳಿಯ ಸಕ್ಕರೆಯಾದರೋ ಅರಸೊತ್ತಿಗೆಯ ವಸ್ತುವಾಗಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಚನ್ನಪಟ್ಟಣದಲ್ಲಿ ಬಹು ನಯವಾದ ಬಿಳಿ ಸಕ್ಕರೆ ಮಾಡಬಲ್ಲ ಮನೆತನವೊಂದಿದ್ದು, ಆ ಸಕ್ಕರೆಯು ಶ್ರೀರಂಗಪಟ್ಟಣದ ಅರಮನೆಗೆ ಸಲ್ಲುತ್ತಿತ್ತೆಂದು ಬರೆದಿಟ್ಟಿದ್ದಾನೆ. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ, ಆ ಬಳಿಕ ಭದ್ರೆಯ ನಾಲೆಗಳು ಚನ್ನಗಿರಿ, ಹೊನ್ನಾಳಿಗಳ ಬಯಲಿಗೆ ನೀರು ತಂದು, ದಾವಣಗೆರೆಯ ಬಳಿ ಕುಕ್ಕುವಾಡದಲ್ಲಿ ಕಾರ್ಖಾನೆಯ ಹೊಗೆಕೊಳವೆ ಎದ್ದ ಮೇಲೆ, ಕಬ್ಬು ಕಾಣದ ಜಗಳೂರಿನ ಒಣಭೂಮಿಯ ಸಂತೆಗೂ ಸಕ್ಕರೆಯ ಚೀಲಗಳು ಬಂದು ಇಳಿಯತೊಡಗಿದವು.

ಅರಸರ ಕೈಯಲ್ಲಿದ್ದಾಗ ಸಕ್ಕರೆಯು ಪರದೇಶಗಳಲ್ಲಿ ತೋರಿದ ಲೀಲೆಯೂ ಇಲ್ಲಿ ಪ್ರಸ್ತುತ. 11ನೆಯ ಶತಮಾನದ ನಡುವೆ ಕೈರೋ ನಗರದಲ್ಲಿದ್ದ ಪಾರಸೀಕ ಯಾತ್ರಿಕ ನಾಸಿರ್ ಖುಸ್ರೋ, ಸುಲ್ತಾನನ ಹಬ್ಬದೂಟದಲ್ಲಿ ಕಿತ್ತಳೆಯ ಗಿಡವೊಂದನ್ನು ಕೊಂಬೆ, ಎಲೆಗಳ ಸಹಿತ ಸಕ್ಕರೆಯಿಂದಲೇ ಮಾಡಿ ನಿಲ್ಲಿಸಿದ್ದರೆಂದೂ, ಅದರ ಜೊತೆಗೆ ಸಾವಿರಾರು ಸಕ್ಕರೆಯ ಪ್ರತಿಮೆಗಳಿದ್ದುವೆಂದೂ, ಆ ದಿನಕ್ಕೆ 50,000 ಮಣ ಸಕ್ಕರೆ ಗೊತ್ತಾಗಿತ್ತೆಂದೂ ಹೇಳುತ್ತಾನೆ. ಆ ದೇಶದ ಮಣವು ನಮ್ಮ ಮಣಕ್ಕಿಂತ ಬಹಳ ಚಿಕ್ಕದೆಂದು ಕಳೆದುಕೊಂಡರೂ ಲೆಕ್ಕವು ಸಾಮಾನ್ಯವಲ್ಲ. ಯೂರೋಪಿನ ದೊರೆಗಳೂ ಔತಣದ ಮೇಜಿನ ಮೇಲೆ ಸಕ್ಕರೆಯ ಕೋಟೆಕೊತ್ತಲಗಳನ್ನು ಕಟ್ಟಿಸಿದರು. ಆದರೆ 18ನೆಯ ಶತಮಾನದಲ್ಲಿ, ಜರ್ಮನಿಯ ಮೈಸೆನ್ನಿನಲ್ಲಿ 1710ರಲ್ಲಿ ಆರಂಭವಾದ ಪಿಂಗಾಣಿಯ ಕಾರ್ಖಾನೆಯು ಅದೇ ಬಗೆಯ ಗೊಂಬೆಗಳನ್ನು ಮಾಡತೊಡಗಲು, ಸಕ್ಕರೆಯ ಪ್ರತಿಮೆಗಳು ಮೇಜಿನಿಂದ ಕ್ರಮೇಣ ಇಳಿದು ಪಿಂಗಾಣಿಯವು ಏರಿ ಕುಳಿತವು. ನನ್ನ ಮಟ್ಟಿಗೆ, ನೋಡುವುದನ್ನೂ ತಿನ್ನುವುದನ್ನೂ ಬೇರ್ಪಡಿಸಿದ ಸಂಧಿಕಾಲವಿದು. ಗೊಂಬೆ ಅಲಮಾರಿಗೆ ಹೋಯಿತು, ಸಿಹಿ ತಟ್ಟೆಯಲ್ಲುಳಿಯಿತು. ಮುಂದೆ ಮದುವೆಯ ಕೇಕಿನ ಮೇಲೆ ಸಕ್ಕರೆಯ ಹೂವು ಮತ್ತೆ ಅರಳಿದಾಗ ಅದು ಪಿಂಗಾಣಿಯ ಗುಣಗಳನ್ನೂ ಹೊತ್ತು ತಂದಿತು: ಪುಡಿ ಸಕ್ಕರೆಗೆ ಅಂಟು ಕೂಡಿಸಿ ಹಾಳೆಯಂತೆ ತೆಳ್ಳಗೆ ಲಟ್ಟಿಸಿ, ಎಸಳೆಸಳಾಗಿ ಕತ್ತರಿಸಿ, ಒಣಗಿಸಿ, ನಡುವೆ ತಂತಿಯನ್ನು ತೂರಿಸಿದ ಆ ಹೂವನ್ನು ವರ್ಷಗಟ್ಟಲೆ ಕಾದಿಡಬಹುದು, ಕಡಿದರೆ ಹಲ್ಲಿಗೆ ಅಪಾಯ.

ನಮ್ಮ ತಾಲ್ಲೂಕು ಕೇಂದ್ರಗಳ ಬೇಕರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಬಗೆಯದಲ್ಲ. ಕೊಳವೆಯ ಮೂತಿಯಿಂದ ಕ್ರೀಮನ್ನು ಹಿಂಡಿ, ಮೊಳೆಯ ತಲೆಯನ್ನು ತಿರುಗಿಸುತ್ತ ಅರಳಿಸಿದ ಮೆತ್ತನೆಯ ಗುಲಾಬಿಯದು, ನಿಸ್ಸಂದೇಹವಾಗಿ ತಿನ್ನತಕ್ಕದ್ದು, ಮತ್ತು ಮನೆಯ ಕಿರಿಯ ಮಗುವಿನ ಪಾಲಿಗೆ ಹೋಗತಕ್ಕದ್ದು. ದಾವಣಗೆರೆಯಿಂದ ಹೇಳಿ ಮಾಡಿಸಿ ತಂದ ದೊಡ್ಡ ಕೇಕಿನ ಒಣಹೂವಾದರೆ ಮಾತ್ರ ತೊಟ್ಟಿನಲ್ಲಿ ತಂತಿಯುಂಟೇ ಎಂದು ಮುಟ್ಟಿ ನೋಡಬೇಕು. ಇದ್ದರೆ ಹೂವನ್ನು ಕಿತ್ತು ಬದಿಗಿಟ್ಟು, ಅದು ಚುಚ್ಚಿದ್ದ ಎಡೆಯ ತುಂಡನ್ನೂ ಮಕ್ಕಳಿಗೆ ಕೊಡದಿರುವುದು ಒಳಿತು.

ತಂತಿಗಿಂತ ದೊಡ್ಡ ವಿಚಾರ ಬಣ್ಣದ್ದು. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿ ಎಂಬ, ಬಟ್ಟೆಗೆ ಹಾಕತಕ್ಕ ಗುಲಾಬಿಯ ಬಣ್ಣವನ್ನು ಬೆರೆಸುವುದನ್ನು ನಿಷೇಧಿಸಿತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತೆಯ ಅಧಿಕಾರಿಗಳು ಪರೀಕ್ಷಿಸಿದ 235 ಕೇಕುಗಳಲ್ಲಿ 12ರಲ್ಲಿ ಕೃತಕವರ್ಣವು ಮಿತಿಮೀರಿದ್ದುದು ಹೊರಬಿದ್ದಿತು. ಗೌರಿ ಹುಣ್ಣಿಮೆಯ ತಟ್ಟೆಯಲ್ಲಿಯೂ ಗುಲಾಬಿಯ ಆನೆಯೊಂದು ನಿಂತಿರುವುದರಿಂದ ಈ ಎಚ್ಚರಿಕೆಯು ಕೇಕಿಗಷ್ಟೇ ಸೀಮಿತವೆಂದು ನಾವು ನೆಮ್ಮದಿಪಡುವಂತಿಲ್ಲ. ತಟ್ಟೆಗೆ ಮೂರು ಬಣ್ಣವೂ ಬೇಕೆಂಬ ಹಠ ಹೆಂಗಳೆಯರಲ್ಲಿದ್ದರೆ ಇರಲಿ. ಆದರೆ ಅಂಗಡಿಯವನನ್ನು ಕೇಳಿ, ಕಣ್ಣು ಕೋರೈಸುವ ಗುಲಾಬಿಯದನ್ನು ಬಿಟ್ಟು, ಒಡೆದು ಹಂಚುವ ಪಾಲಿಗೆ ಬಿಳಿಯ ಗೊಂಬೆಗಳನ್ನೇ ಹೆಚ್ಚಾಗಿ ತೂಗಿಸಿಕೊಳ್ಳಬಹುದು. ಹಾಲು ಬಿಟ್ಟು ಕೊಳೆ ತೆಗೆದ ಸಕ್ಕರೆಯಿಂದ ಮನೆಯಲ್ಲಿ ಎರೆದ ಅಚ್ಚುಗಳೂ ಬಿಳಿಯವೇ. ಅತ್ತೆಯ ಕಾಲದ ಮರದ ಅಚ್ಚು ಅಟ್ಟದ ಮೇಲಿದ್ದವರು ಅದನ್ನು ಇಳಿಸಿ, ಬಿರುಕು ನೋಡಿಕೊಂಡು, ಹಿಂದಿನ ರಾತ್ರಿಯೇ ನೆನೆಹಾಕಲಿ.