ಕಾದ ಕಬ್ಬಿಣದ ಮೇಲಿನ ಕಪ್ಪು : ಮೋಟಾರು ವಾಹನದ ನಿಷ್ಕಾಸ ಕೊಳವೆಯ ಲೇಪವನ್ನು ಕುರಿತು

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಎಂಜಿನ್ನನ್ನು ಕುರಿತು, ಕಾರ್ಖಾನೆಯನ್ನು ಕುರಿತು, ಕಾರ್ಮಿಕರ ಕೂಲಿಯನ್ನು ಕುರಿತು ವಿಸ್ತಾರವಾಗಿ ವಿವೇಚಿಸಿದ್ದಾರೆ. ವಾಹನದ ಅಡಿಯಲ್ಲಿದ್ದು ಒಳಗಿನಿಂದ ಬೆಂಕಿಯನ್ನೂ ಹೊರಗಿನಿಂದ ಕೆಸರನ್ನೂ ಏಕಕಾಲದಲ್ಲಿ ಸಹಿಸುವ ನಿಷ್ಕಾಸ ಕೊಳವೆಯ ಕಡೆಗೆ ಅವರ ದೃಷ್ಟಿ ಹರಿದುದು ಕಡಮೆ. ಚರಿತ್ರೆಯ ತರಗತಿಯಲ್ಲಿ ಹೊಗೆಯ ಕೊಳವೆಗೆ ಏನು ಕೆಲಸವೆಂದು ವಿದ್ಯಾರ್ಥಿಗಳು ನಕ್ಕುದುಂಟು. ಆದರೆ ಆ ಕೊಳವೆಗೆ ಬಾಳುವಂತಹ ಒಂದು ಕಪ್ಪು ಬಣ್ಣವನ್ನು ಬಳಿಯುವುದು ಹೇಗೆಂಬ ಅಲ್ಪ ಪ್ರಶ್ನೆಯನ್ನು ಹಿಡಿದು ಹೊರಟರೆ, ನಮ್ಮ ಪಠ್ಯಪುಸ್ತಕಗಳಲ್ಲಿ ನೆಲೆಯೂರಿರುವ ಒಂದು ಪ್ರಸಿದ್ಧ ಹೇಳಿಕೆಯನ್ನೇ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಇದು ಈ ಲೇಖನಕ್ಕೆ ಪ್ರೇರಣೆ.

ಆ ಹೇಳಿಕೆ ಹೆನ್ರಿ ಫೋರ್ಡನ ಟಿ ಮಾದರಿಯ ಕಾರಿಗೆ ಸಂಬಂಧಿಸಿದುದು. ಕಪ್ಪು ಬಣ್ಣವು ಬೇರೆಲ್ಲ ಬಣ್ಣಗಳಿಗಿಂತ ಬೇಗ ಒಣಗುತ್ತಿದ್ದುದರಿಂದಲೇ ಫೋರ್ಡನು ತನ್ನ ಕಾರುಗಳಿಗೆಲ್ಲ ಕಪ್ಪನ್ನು ಬಳಿಸಿದನೆಂದು ನಾವೆಲ್ಲರೂ ಓದಿದ್ದೇವೆ, ಬೋಧಿಸಿಯೂ ಇದ್ದೇವೆ. 1922ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಫೋರ್ಡನು, ಕಪ್ಪಾಗಿರುವವರೆಗೆ ಗಿರಾಕಿಯು ಯಾವ ಬಣ್ಣವನ್ನಾದರೂ ಆರಿಸಿಕೊಳ್ಳಬಹುದೆಂದು ತಾನು 1909ರಲ್ಲಿ ಘೋಷಿಸಿದುದಾಗಿ ಹೇಳಿಕೊಂಡಿದ್ದಾನೆ. ಆದರೆ ಆ ವರ್ಷಗಳಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಕಾರುಗಳು ಕೆಂಪು, ಹಸುರು, ಬೂದು ಮೊದಲಾದ ಬಣ್ಣಗಳಲ್ಲಿದ್ದವು. ಕಪ್ಪೊಂದೇ ಬಣ್ಣವಾದುದು 1914ರಿಂದ. 1926ರ ಮಾದರಿಯೊಡನೆ ಇತರ ಬಣ್ಣಗಳು ಹಿಂದಿರುಗಿದವು. ಹದಿಮೂರು ವರ್ಷಗಳ ಬಳಿಕ ಬರೆದ ನೆನಪನ್ನು ಸಮಕಾಲೀನ ದಾಖಲೆಯೆಂದು ಸ್ವೀಕರಿಸಿದುದರ ಫಲವಿದು. ಇಂತಹ ಎಡವಟ್ಟು ಶಾಸನಗಳನ್ನು ಓದುವಾಗ ನಡೆದರೆ ನಾವು ಕ್ಷಮಿಸುವುದಿಲ್ಲ.

ಬೇಗ ಒಣಗುವ ಮಾತಿಗೂ ಆಧಾರ ದುರ್ಬಲ. ಆ ಕಾಲದ ಕಪ್ಪು, ಆಸ್ಫಾಲ್ಟನ್ನು ಅಗಸೆ ಎಣ್ಣೆಯೊಡನೆ ಕಾಯಿಸಿ ತಯಾರಿಸಿದ ಮೆರುಗೆಣ್ಣೆ. ಇದರ ಮೂಲ ವೇಲ್ಸಿನ ಪಾಂಟಿಪೂಲ್ ಊರಿನಲ್ಲಿದೆ. 17ನೆಯ ಶತಮಾನದ ಉತ್ತರಾರ್ಧದಲ್ಲಿ ತಾಮಸ್ ಆಲ್‌ಗುಡ್ ಎಂಬವನು ಅಲ್ಲಿ ಕೈಗೊಂಡ ಪ್ರಯೋಗಗಳನ್ನು ಅವನ ವಂಶದವರು ಮುಂದಿನ ಶತಮಾನದಲ್ಲಿ ಉದ್ಯಮವಾಗಿ ಬೆಳೆಸಿದರು. ಅನಂತರ ಬಿಲ್‌ಸ್ಟನ್, ವುಲ್ವರ್‌ಹ್ಯಾಂಪ್ಟನ್ ಊರುಗಳು ಅದಕ್ಕೆ ಹೆಸರಾದವು. ಜಪಾನಿನ ಅರಗಿನ ಪಾತ್ರೆಗಳ ಅನುಕರಣವಾದುದರಿಂದ ಅದಕ್ಕೆ ‘ಜಪಾನ್’ ಎಂದೇ ಹೆಸರಾಯಿತು. ಈ ಲೇಪವನ್ನು ಒಲೆಯಲ್ಲಿಟ್ಟು ಬೇಯಿಸಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆಸ್ಫಾಲ್ಟು ಸ್ವಭಾವತಃ ಕಪ್ಪಾದುದರಿಂದ ಅದರಲ್ಲಿ ಬೇರೆ ಬಣ್ಣವನ್ನು ಬೆರೆಸಿ ಪ್ರಯೋಜನವಿಲ್ಲ. ಬೆಲೆ ಅಗ್ಗ, ಬಾಳಿಕೆ ಹೆಚ್ಚು, ಬಣ್ಣ ಒಂದೇ: ಫೋರ್ಡನ ಕಪ್ಪಿಗೆ ಇವೇ ಸಾಕಾದಷ್ಟು ಕಾರಣಗಳೆಂದು ನಮ್ಮ ಅಭಿಪ್ರಾಯ. ಅಲ್ಲದೆ ಮಡ್‌ಗಾರ್ಡು ಮೊದಲಾದ ಉಕ್ಕಿನ ಭಾಗಗಳನ್ನು ಹೆಚ್ಚು ಉಷ್ಣದಲ್ಲಿ ಬೇಯಿಸುವುದು ಸಾಧ್ಯವಿದ್ದರೂ, ಒಳಗೆ ಮರದ ಚೌಕಟ್ಟಿದ್ದ ಮೈಭಾಗವನ್ನು ಹಾಗೆ ಬೇಯಿಸುವಂತಿರಲಿಲ್ಲ. ಒಂದೇ ಕಾರಿನ ಮೇಲೆ ಬೇರೆ ಬೇರೆ ಕಪ್ಪುಗಳಿದ್ದುವೆಂಬುದನ್ನು ‘ಕಪ್ಪು’ ಎಂಬ ಒಂದು ಮಾತು ಮರೆಸಿಬಿಟ್ಟಿತು.

ಮಡ್‌ಗಾರ್ಡಿನ ಮೇಲೆ ವರ್ಷಗಟ್ಟಲೆ ಬಾಳುತ್ತಿದ್ದ ಈ ಕಪ್ಪನ್ನು ನಿಷ್ಕಾಸ ಕೊಳವೆಗೆ ಬಳಿದರೆ ಅದು ಮೊದಲು ಹೊಗೆಯಾಡಿ, ಆಮೇಲೆ ಸುಟ್ಟು ಉದುರಿಹೋಗುತ್ತದೆ. ಎಂಜಿನ್ನಿನ ಸಮೀಪದಲ್ಲಿ ಕೊಳವೆಯ ಉಷ್ಣತೆ ಪೂರ್ಣಭಾರದಲ್ಲಿ 600 ಡಿಗ್ರಿ ಸೆಂಟಿಗ್ರೇಡನ್ನು ಮೀರಬಹುದು. ಆಸ್ಫಾಲ್ಟಾಗಲಿ ಎಣ್ಣೆಯಾಗಲಿ ಅಲ್ಲಿ ಉಳಿಯಲಾರದು. ಬಣ್ಣದ ಪುಡಿಗೂ ಇದೇ ಗತಿ. ದೀಪದ ಮಸಿ ಇಂಗಾಲವಾದುದರಿಂದ ಉರಿದುಹೋಗುತ್ತದೆ; ಕಬ್ಬಿಣದ ಕರಿಯ ಆಕ್ಸೈಡಿನ ನುಣ್ಪುಡಿಯು ಕಾದಾಗ ಗಾಳಿಯಿಂದ ಇನ್ನಷ್ಟು ಆಮ್ಲಜನಕವನ್ನು ಹೀರಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಬಾಳುವ ಕಪ್ಪು ಏಕೆ ದುರ್ಲಭವೆಂಬುದು ಇದರಿಂದ ವಿಶದವಾಗುತ್ತದೆ.

ಮೋಟಾರಿಗೆ ಮುಂಚೆಯೇ ಈ ಕಷ್ಟವನ್ನು ಅನುಭವಿಸಿದವರು ಇಬ್ಬರು: ಅಡಿಗೆಮನೆಯ ಕೆಲಸದ ಹೆಂಗಸು ಮತ್ತು ರೈಲ್ವೆಯ ಕೆಲಸಗಾರ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಎರಕದ ಕಬ್ಬಿಣದ ಒಲೆಗಳಿಗೆ ಗ್ರಾಫೈಟನ್ನು ತಿಕ್ಕಿ ಹೊಳಪು ಕೊಡುತ್ತಿದ್ದರು. ಗ್ರಾಫೈಟು ಇಂಗಾಲವೇ ಆದರೂ ಮಸಿಯಷ್ಟು ಬೇಗ ಉರಿಯದು; ಆದರೆ ಅದನ್ನು ಲೋಹಕ್ಕೆ ಬಂಧಿಸುವ ವಸ್ತುವಿಲ್ಲದುದರಿಂದ ಮತ್ತೆ ಮತ್ತೆ ತಿಕ್ಕಬೇಕಾಗುತ್ತಿತ್ತು. ಇತ್ತ ರೈಲ್ವೆ ಕಂಪೆನಿಗಳಲ್ಲಿ ಮಿಡ್‌ಲೆಂಡ್ ರೈಲ್ವೆಯು ತನ್ನ ಎಂಜಿನ್ನುಗಳಿಗೆ ಕಡುಗೆಂಪನ್ನೂ ಗ್ರೇಟ್ ವೆಸ್ಟರ್ನ್ ರೈಲ್ವೆಯು ಹಸುರನ್ನೂ ಬಳಿಸಿದರೂ, ಮುಂದಿನ ಹೊಗೆಪೆಟ್ಟಿಗೆಯನ್ನು ಮಾತ್ರ ಎರಡೂ ಕಪ್ಪಾಗಿಯೇ ಬಿಟ್ಟವು. ಸೋತ ಬಣ್ಣದ ಮೇಲೆ ಮತ್ತೆ ಬಳಿದರೆ ಗುರುತು ಕಾಣದಿರುವುದು ಕಪ್ಪಿನ ಒಂದು ಗುಣ.

ಬೇರೊಂದು ದಾರಿಯೂ ಇತ್ತು. ಕಪ್ಪನ್ನು ಮೇಲಿನಿಂದ ಬಳಿಯದೆ ಕಬ್ಬಿಣದಿಂದಲೇ ಬೆಳೆಯಿಸುವುದು. 1785ರಲ್ಲಿ ಲವಾಸಿಯೇ ಮತ್ತು ಮ್ಯೂನ್ಯೇ ಕೆಂಪಗೆ ಕಾಯ್ದ ಬಂದೂಕಿನ ನಳಿಗೆಯ ಮೂಲಕ ನೀರಿನ ಆವಿಯನ್ನು ಹಾಯಿಸಿ, ನೀರು ಸಂಯುಕ್ತವಸ್ತುವೆಂದು ತೋರಿಸಿದರು. ಆಗ ಕಬ್ಬಿಣ ಕರಿಯ ಆಕ್ಸೈಡಾಯಿತು. ಅವರ ಲಕ್ಷ್ಯವೆಲ್ಲ ಹೊರಬಂದ ಅನಿಲದ ಮೇಲೆ. ಸುಮಾರು ತೊಂಬತ್ತು ವರ್ಷಗಳ ಬಳಿಕ, 1870ರ ದಶಕದಲ್ಲಿ, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಬಾರ್ಫ್ ಎಂಬವನು ಒಳಗೆ ಉಳಿದ ಕರಿಯ ಪದರವನ್ನೇ ತುಕ್ಕಿನ ನಿವಾರಣೆಗೆ ಬಳಸಬಹುದೆಂದು ಕಂಡನು. ಬೋವರ್ ಎಂಬವನ ಸುಧಾರಣೆಯೊಡನೆ ಅದು ಬೋವರ್-ಬಾರ್ಫ್ ವಿಧಾನವೆಂದು ಪ್ರಸಿದ್ಧವಾಯಿತು. ನಮ್ಮ ಬೀದರಿನ ಕರಕುಶಲಿಗರು ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿ ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸುವುದೂ ತತ್ತ್ವತಃ ಇದೇ ಜಾತಿಯದು. ಸತು 419 ಡಿಗ್ರಿಯಲ್ಲಿಯೇ ಕರಗುವುದರಿಂದ ಆ ಸುಂದರವಾದ ಕಪ್ಪು ನಮ್ಮ ಪ್ರಸ್ತುತ ವಿಷಯಕ್ಕೆ ಸಲ್ಲದು. ಬೋವರ್-ಬಾರ್ಫ್ ಪದರವಾದರೂ ಬಾಗಿಲಿನ ಚಿಲಕಗಳಿಗೆ ಒಪ್ಪಿದಂತೆ ಅಲುಗಾಡುವ ಕೊಳವೆಗೆ ಒಪ್ಪುವಂತಹುದಲ್ಲ. ಅದು ಪೆಡಸು, ಬಗ್ಗಿಸಿದರೆ ಬಿರಿಯುತ್ತದೆ, ಬಿರುಕಿನಲ್ಲಿ ತುಕ್ಕು ಹಿಡಿಯುತ್ತದೆ.

ಗಾಜಿನ ಲೇಪ, ಅಂದರೆ ಎನಾಮಲ್, ಇದಕ್ಕಿಂತ ಸಮರ್ಥವಾದುದು. ಮರಳು, ಬೊರಾಕ್ಸ್ ಮುಂತಾದವುಗಳಿಂದಾದ ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿಯಲ್ಲಿ ಕರಗಿಸುತ್ತಾರೆ. ಕಬ್ಬಿಣವನ್ನು ಹಿಡಿದುಕೊಳ್ಳಲು ಕೋಬಾಲ್ಟ್ ಆಕ್ಸೈಡನ್ನು ಸೇರಿಸುತ್ತಾರೆ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನ ನಿಷ್ಕಾಸ ಭಾಗಗಳ ಮೇಲಿನ ಹೊಳೆಯುವ ಕಪ್ಪು ಈ ಬಗೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಷ್ಣ ತಡೆಯುವ ಮಿಶ್ರಲೋಹಗಳಿಗೆ ಅಭಾವ ತಲೆದೋರಿದಾಗ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಹ್ಯಾರಿಸನ್, ಮೂರ್, ರಿಚ್‌ಮಂಡ್ ಎಂಬವರು ಸಾಮಾನ್ಯ ಉಕ್ಕಿಗೆ ಇಂತಹ ಲೇಪಗಳನ್ನು ಸಿದ್ಧಪಡಿಸಿದರು. ಕಲ್ಲು ಬಡಿದರೆ ಚಕ್ಕೆಯೇಳುವುದೊಂದೇ ಗಾಜಿನ ಲೇಪಕ್ಕಿರುವ ಮುಖ್ಯ ದೋಷ.

ಡಬ್ಬಿಯಿಂದ ತೆಗೆದು ಬಳಿಯಬಹುದಾದ ಕಪ್ಪು ದೊರಕಿದುದು ಸಿಲಿಕೋನಿನಿಂದ. ನಾಟಿಂಗ್‌ಹ್ಯಾಮಿನ ಕಿಪ್ಪಿಂಗ್ ದಶಕಗಳ ಕಾಲ ಸಿಲಿಕಾನಿನ ಸಂಯುಕ್ತಗಳನ್ನು ಅಭ್ಯಸಿಸಿದರೂ ಪಾತ್ರೆಯ ತಳದಲ್ಲಿ ಉಳಿದ ಅಂಟುಗಳಲ್ಲಿ ಪ್ರಯೋಜನವನ್ನು ಕಾಣಲಿಲ್ಲ. 1930ರ ದಶಕದಲ್ಲಿ ಹೈಡ್, 1940ರಲ್ಲಿ ರೋಕೋ ಅವರ ಕೆಲಸದಿಂದ ಆ ಅಂಟಿಗೆ ಬೆಲೆ ಬಂದಿತು. 1943ರಲ್ಲಿ ಡೌ ಕಾರ್ನಿಂಗ್ ಸಂಸ್ಥೆ ಹುಟ್ಟಿತು. ಈ ಬಣ್ಣವು ಕಾದಾಗ ಅದರ ಸಾವಯವ ಭಾಗವು ಹೋಗಿ, ಸಿಲಿಕದ ಅಸ್ಥಿಪಂಜರವು ಉಳಿದು, ಬಣ್ಣದ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಪುಡಿಯಾಗಿ ಮಸಿಯ ಬದಲು ತಾಮ್ರ ಮತ್ತು ಕ್ರೋಮಿಯಂ ಆಕ್ಸೈಡುಗಳನ್ನು ಕೂಡಿಸಿ ಸುಟ್ಟ ಕಪ್ಪನ್ನು ಬಳಸುತ್ತಾರೆ. ಸುಟ್ಟೇ ಹುಟ್ಟಿದುದು ಮತ್ತೆ ಸುಡುವುದಿಲ್ಲ. ಆದರೆ ಜಿಡ್ಡಿನ ಮೇಲೆ ಅಥವಾ ತುಕ್ಕಿನ ಮೇಲೆ ಬಳಿದರೂ, ಹಂತಹಂತವಾಗಿ ಕಾಯಿಸದೆ ಒಮ್ಮೆಲೇ ಓಡಿಸಿದರೂ ಅದು ಸುಲಿದು ಬರುತ್ತದೆ. ಬಣ್ಣ ಕೆಟ್ಟದೆಂದು ದೂರುವವರಲ್ಲಿ ಬಹುಮಂದಿ ದೂರಬೇಕಾದುದು ತಮ್ಮ ಆತುರವನ್ನು.

ಹೊರಗೆ ಎಷ್ಟು ಉತ್ತಮವಾದ ಕಪ್ಪನ್ನು ಬಳಿದರೂ ಕೊಳವೆ ಒಳಗಿನಿಂದ ಸಾಯುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರಿನಷ್ಟೇ ನೀರು ಉಂಟಾಗುತ್ತದೆ. ಸ್ವಲ್ಪ ದೂರ ಓಡಿ ನಿಲ್ಲುವ ಕಾರಿನಲ್ಲಿ ಅದು ಆವಿಯಾಗಿ ಹೋಗದೆ, ಗಂಧಕದ ಆಮ್ಲದೊಡನೆ ಕೂಡಿ, ಹಿಂದಿನ ತಣ್ಣನೆಯ ಭಾಗದಲ್ಲಿ ನಿಂತು ಉಕ್ಕನ್ನು ಕೊರೆಯುತ್ತದೆ. ಇದಕ್ಕೆ ಪರಿಹಾರ ಬಂದುದು ಲೇಪದಿಂದಲ್ಲ, ಲೋಹದಿಂದ. ಶೇಕಡ 11ರಷ್ಟು ಕ್ರೋಮಿಯಂ ಇರುವ 409 ಎಂಬ ಉಕ್ಕು 1960ರ ದಶಕದ ಆರಂಭದಲ್ಲಿ ಬಂದು, 1975ರ ಮಾದರಿಯ ಅಮೆರಿಕದ ಕಾರುಗಳಿಗೆ ಹೊಗೆಯನ್ನು ಶುದ್ಧಿಮಾಡುವ ಪರಿವರ್ತಕಗಳನ್ನು ಅಳವಡಿಸಿದ ಮೇಲೆ ವ್ಯಾಪಕವಾಯಿತು. ಆ ಬಳಿಕ ಕೊಳವೆಗೆ ಕಪ್ಪು ಬಳಿಯುವುದು ಬಹುಮಟ್ಟಿಗೆ ಅಲಂಕಾರದ ವಿಷಯವಾಗಿದೆ, ಅಲಂಕಾರವೂ ಸುಲಭವಲ್ಲ. ಈ ಉಕ್ಕನ್ನು ತುಕ್ಕಿನಿಂದ ಕಾಯುವ ನವಿರಾದ ಕ್ರೋಮಿಯಂ ಆಕ್ಸೈಡಿನ ಪೊರೆಯು ಬಣ್ಣಕ್ಕೆ ಹಿಡಿತ ಕೊಡುವುದಿಲ್ಲ. ಆದುದರಿಂದ ಮರಳನ್ನು ಸಿಡಿಸಿ ಮೈಯನ್ನು ಒರಟುಮಾಡಿದ ಮೇಲೆಯೇ ಅದಕ್ಕೆ ಕಪ್ಪನ್ನು ಬಳಿಯಬೇಕಾಗುತ್ತದೆ.