ಶನಿವಾರ ಗಾಣ ಕಟ್ಟದವರ ಊರಿಗೆ

ಅಕ್ಕಗೋಳ, ತಂಗೆಮ್ಮಗೋಳ, ನಮ್ಮ ಓಣಿಯ ನರ್ಸಬಾಯಿ ನಿಮಗ ನೆನಪದಾರಲ್ಲ? ನನ್ನ ಚೊಚ್ಚಲ ಹೆರಿಗಿ ಮಾಡಿಸಿದವರು ಅವರ. ಶುಕ್ರವಾರ ಸಂಜಿಕೆ ದೀಪಾ ಹಚ್ಚಿದ್ರಂದ್ರ ಶನಿವಾರ ಹೊತ್ತು ಮುಳುಗೂತನಕ ಅವರ ಮನ್ಯಾಗ ಒಲಿ ಹೊತ್ತತಿದ್ದಿಲ್ಲ. ನಾವು ಅವರನ್ನ ಕ್ರಿಶ್ಚನ್ನರು ಅಂತ ತಿಳಿದಿದ್ವಿ. ಅವರು ಕೊಂಕಣದ ಯಹೂದ್ಯರು, ಬೆನೆ ಇಸ್ರೇಲಿ ಮಂದಿ ಅಂತ ಗೊತ್ತಾಗಿದ್ದು ಅವರು ವಿಜಯಪುರ ಬಿಟ್ಟು ಇಸ್ರೇಲಕ್ಕ ಹೊಂಟಾಗ.

ಹೋದ ಡಿಸೆಂಬರದಾಗ ಬಾಯಿಯ ಅಕ್ಕನ ಮೊಮ್ಮಗಳು ನಮ್ಮ ಮನಿ ವಿಳಾಸ ಹಿಡಕೊಂಡು ಬಂದ್ಲು. ಗೋಳಗುಮ್ಮಟ ನೋಡಾಕಲ್ಲ, ತನ್ನ ಅಜ್ಜಿಯ ಅಜ್ಜಿಯ ಹೆಸರು ಹುಡುಕಾಕ. "ಮೌಶಿ, ಅಲಿಬಾಗಕ್ಕ ಜೋಡಿ ಬರ್ತೀರೇನು?" ಅಂತ ಮುರುಕು ಮರಾಠಿಯೊಳಗ ಕೇಳಿದ್ಲು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನನ್ನ ತವರು ಟಿಕೋಟಾದ ಒಣದ್ರಾಕ್ಷಿ ಕಟಗೊಂಡು ಹೊಂಟೆ. ದ್ರಾಕ್ಷಿ ಬಾಯಾಗ ಹಾಕ್ಕೊಂಡಾಕಿನ ನಕ್ಕಳು. ಅವರ ಮನ್ಯಾಗ ಶುಕ್ರವಾರದ ಪ್ರಾರ್ಥನಾಕ್ಕ ಒಣದ್ರಾಕ್ಷಿ ನೆನಿಹಾಕಿ, ಹಿಂಡಿ, ಶರಬತ್ತು ಮಾಡತಾರಂತ. ಬ್ಯಾರೆ ದೇಶದ ಯಹೂದ್ಯರು ಅದಕ್ಕ ವೈನ್ ಇಡತಾರ.

ಸೊಲ್ಲಾಪುರ, ಪುಣೆ ದಾಟಿ ಅಲಿಬಾಗ ಮುಟ್ಟಿದ್ವಿ. ಅದರ ಹತ್ತರನ ನವಗಾಂವ ಅಂತ ಸಮುದ್ರದಂಡಿ ಊರು. ಹಿಂದಕ ಹಡಗ ಒಡದು ಏಳು ಮಂದಿ ಗಂಡಸರು, ಏಳು ಮಂದಿ ಹೆಂಗಸರು ಅಲ್ಲಿ ದಂಡಿಗೆ ಬಿದ್ರು, ಅವರಿಂದನ ತಮ್ಮ ಕುಲ ಬೆಳೀತು ಅಂತ ಅವರ ಹಿರಿಯರು ಹೇಳಕೋತ ಬಂದಾರ. ಗ್ರಂಥ ಹೋತು, ಭಾಷಾ ಹೋತು, ಮರಾಠಿ ಬಂತು. ಹೊಟ್ಟಿಪಾಡಿಗೆ ಎಣ್ಣಿ ಗಾಣ ಹಿಡಿದ್ರು. ಆದರ ಶನಿವಾರ ಗಾಣ ಕಟ್ಟಲಿಲ್ಲ. ಅದಕ್ಕ ಊರವರು ಅವರನ್ನ "ಶನಿವಾರ ತೇಲಿ" ಅಂತ ಕರೆದ್ರು. ತೇಲಿ ಅಂದ್ರ ಗಾಣಿಗ್ಯಾರು. ನಾನೂ ಗಾಣಿಗ್ಯಾರ ಮನಿ ಮಗಳು. ನಮ್ಮಪ್ಪ ಸೋಮವಾರ ಎತ್ತಿನ ಕೊಳ್ಳಿಗೆ ನೊಗ ಹಚ್ಚತಿದ್ದಿಲ್ಲ. ಇದನ್ನ ಹೇಳಿದಾಗ ಹುಡುಗಿ ನನ್ನ ಕೈ ಗಟ್ಟಿ ಹಿಡಕೊಂಡ್ಲು.

ಅಡ್ಡಹೆಸರೂ ನಮ್ಮಂಗ ಊರಿಂದು. ರೋಹಾದವರು ರೋಹೇಕರ, ಪೇಣದವರು ಪೇಣಕರ. ಅವರೊಳಗಿನ ಸಾಮಾಜಿ ಹಸಾಜಿ ದಿವೇಕರ ಅನ್ನೂ ಸಿಪಾಯಿ ಇಂಗ್ಲಿಷರ ದಂಡಿನ್ಯಾಗಿದ್ದು ಟಿಪ್ಪೂನ ಸೆರಿಯಾಗ ಸಿಕ್ಕಿದ್ದ. ಬಿಡುಗಡೆ ಆದ ಮ್ಯಾಲೆ 1796ರಾಗ ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದಾಂವ ಅವನ.

ಇನ್ನ ಹುಡುಗಿಯ ಸಂಕಟದ ಮಾತು. 1948ರಾಗ ಇಸ್ರೇಲ್ ದೇಶ ಆದ ಮ್ಯಾಲೆ ಈ ಮಂದಿ ಸಾವಿರಾರು ಸಂಖ್ಯಾದಾಗ ಅಲ್ಲಿಗೆ ಹೋದ್ರು. ಯಹೂದ್ಯರೊಳಗ ಕುಲ ತಾಯಿಯಿಂದ ಬರತೈತಿ. 1962ರಾಗ ಅಲ್ಲಿಯ ಧರ್ಮಗುರುಗಳು, ಬೆನೆ ಇಸ್ರೇಲಿಗಳು ಬ್ಯಾರೆ ಯಹೂದ್ಯರನ್ನ ಮದುವಿ ಆಗೂದಿದ್ರ ತಾಯಿ, ತಾಯಿಯ ತಾಯಿ, ಹಂಗ ಹಿಂದಕ ಎಲ್ಲಿ ಮಟ ಆಗತೈತೊ ಅಲ್ಲಿ ಮಟ ವಿಚಾರಿಸ್ರಿ ಅಂದ್ರು. ಜನ ಸಿಟ್ಟಿಗೆದ್ದು ಜೆರುಸಲೇಮಿನ್ಯಾಗ ಧರಣಿ ಕುಂತ್ರು. 1964ರಾಗ ಅಲ್ಲಿಯ ಸಂಸತ್ತು ಇವರು ಎಲ್ಲಾ ರೀತಿಯಿಂದ ಯಹೂದ್ಯರ ಅಂತ ಠರಾವು ಮಾಡಿತು. ಅದರ ನಡುವ ಬಾಯಿಯ ಅಕ್ಕನ ಮದುವಿ ನಿಂತಿತ್ತು. ಅಜ್ಜಿಯ ಹೆಸರು ಕೇಳಿದಾಗ ಆಕಿ "ಆಜಿ" ಅಂತಷ್ಟ ಹೇಳಿದ್ಲಂತ, ಬ್ಯಾರೆ ಗೊತ್ತಿದ್ದಿಲ್ಲ. ಎರಡೊಪ್ಪತ್ತು ಎಣ್ಣಿ ಹಾಕಿ ತಲಿ ಬಾಚಿದ ಅಜ್ಜಿ! ಆಮ್ಯಾಲೆ ಮದುವಿ ಆತು, ಮಕ್ಕಳಾದುವು, ಆದರ ಸಾಯೂತನಕ ಆ ಮಾತು ನುಂಗಲಿಲ್ಲ.

ಅಲಿಬಾಗದ ಸ್ಮಶಾನದಾಗ ಎರಡು ದಿನಾ ಹುಲ್ಲು ಸರಿಸಿ ಕಲ್ಲು ತಿಕ್ಕಿದ್ವಿ. ಹಿಬ್ರೂ ಆಕಿ ಓದಿದ್ಲು, ಮರಾಠಿ ನಾ ಓದಿದೆ. ಒಂದು ಕಲ್ಲಿನ ಮ್ಯಾಲೆ ಅವರ ಮನೆತನದ ಹೆಸರು ಸಿಕ್ಕಿತು. ಗಂಡನ ಹೆಸರು ಸ್ವಚ್ಛ ಐತಿ, ಹೆಂಡತಿ ಹೆಸರಿದ್ದ ಕಡೆ ಚಕ್ಕಿ ಎದ್ದು ಹೋಗೈತಿ. ಹುಡುಗಿ ಅಳಲಿಲ್ಲ. ಒಯ್ದ ಒಣದ್ರಾಕ್ಷಿ ಮುಂದ ಮಾಡಿದೆ, ತಗೊಳ್ಳಲಿಲ್ಲ. ಅವರ ಪದ್ಧತಿಯಂಗ ಒಂದು ಸಣ್ಣ ಹಳ್ಳು ಆರಿಸಿ ಗೋರಿ ಮ್ಯಾಲಿಟ್ಲು.

ರಾತ್ರಿ ನಿದ್ದಿ ಬರಲಿಲ್ಲ. ನನ್ನ ಅಪ್ಪನ ಕಡಿದು ಐದು ತಲಿ ಹೆಸರು ಬಾಯಿಪಾಠ ಐತಿ. ಅವ್ವನ ಅಜ್ಜಿ ಯಾರು? ಮುಂಜಾನೆದ್ದು ಟಿಕೋಟಾದ ನಮ್ಮ ದೊಡ್ಡವ್ವಗ ಫೋನ್ ಹಚ್ಚಿದೆ.

"ಹೆಸರೇನೋ ಇತ್ತವ್ವ," ಅಂದ್ಲು ದೊಡ್ಡವ್ವ. "ಎಲ್ಲಾರೂ ಆಕಿಗಿ ಬಬಲೇಶ್ವರದಾಕಿ ಅಂತಿದ್ರು."

ಬಬಲೇಶ್ವರದಾಗಿನ ನಮ್ಮ ಬೀಗರು, ನೆಂಟರು ಇದನ್ನ ಓದಿದ್ರ, ನಿಮ್ಮ ಮನಿ ಮುದುಕ್ಯಾರನ್ನ ಒಂದು ಮಾತು ಕೇಳ್ರಿ. ಟಿಕೋಟಾದ ಗಾಣಿಗ್ಯಾರಿಗೆ ಕೊಟ್ಟ ಹೆಣ್ಣು ಮಗಳು. ಹೆಸರು ಗೊತ್ತಾದ್ರ ನನಗ ಹೇಳ್ರಿ.